ಹೆಬ್ಬೆರಳ ಗೀರು

ಜೂನ್ 3
ಇವತ್ತೂ ಮಗಳ ಜೊತೆ ಸ್ಪ್ರಿಂಗ್ ರೋಲ್ ಸುತ್ತಲು ಕೂತೆ. ಮೈದಾ ಹಾಳೆ ಹಾಸು, ಕೋಸು-ಕ್ಯಾರೆಟ್ ಇಡು, ಎರಡೂ ಬದಿ ಒಳಗೆ ಮಡಿಸು, ಸುತ್ತು, ಮೈದಾ ಅಂಟು ಸವರು. ಬಲಗೈಗೆ ಪಾರ್ಶ್ವವಾಯು ಬಡಿದ ಮೇಲೆ ಎಲ್ಲಾ ಎಡಗೈಯದೇ ಕಾರುಬಾರು. ಈ ಬರವಣಿಗೆಯೂ ಅದರದ್ದೇ — ಕಾಗೆಕಾಲು ಗುಬ್ಬಿಕಾಲು. ಆದರೆ ದರ್ಜಿಯ ಚಾಳಿ ಹೋಗಿಲ್ಲ. ಸುತ್ತಿ ಮುಗಿಸಿ ಅಂಚಿಗೆ ಹೆಬ್ಬೆರಳಿನ ಉಗುರಿಂದ ಒಂದು ಗೀರು, ಪ್ಯಾಂಟಿನ ಮಡಿಕೆಗೆ ಎಳೆಯುತ್ತಿದ್ದ ಹಾಗೆ.
"ಸೂಪರ್, ಅಪ್ಪ" ಅಂದಳು ಮಗಳು. ಕರಿದಿದ್ದನ್ನು ಸಂಜೆ ಬೇಕರಿಯವನು ಬಂದು ಮಾರಲು ಒಯ್ದ.

ಜೂನ್ 4, ಮಧ್ಯಾಹ್ನ
ನೀರು ಕುಡಿಯಲು ಅಡುಗೆಮನೆಗೆ ಹೋದೆ. ಬೆಳಿಗ್ಗೆ ಸುತ್ತಿದ್ದನ್ನು ಕರಿಯಲು ಇಟ್ಟ ತಟ್ಟೆ ಕಣ್ಣಿಗೆ ಬಿತ್ತು. ಒಂದರ ಮೇಲೂ ಗೀರಿಲ್ಲ.
ಹೆಂಡತಿಯನ್ನು ಕೇಳಿದೆ. "ನಿಮಗ್ಯಾಕೆ ಅದೆಲ್ಲ, ಹೋಗಿ ಮಲಗಿ" ಅಂದಳು. ಬಿಡಲಿಲ್ಲ ನಾನು. ಕೊನೆಗೆ ಬಾಯಿ ಬಿಟ್ಟಳು. ನಾನು ಸುತ್ತಿದ್ದು ಸಡಿಲವಂತೆ, ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತಂತೆ. ನಾನು ಎದ್ದು ಹೋದ ಮೇಲೆ, ಅಂಟು ಒಣಗುವ ಮುಂಚೆ, ತಾಯಿ-ಮಗಳು ಬಿಚ್ಚಿ ಮತ್ತೆ ಸುತ್ತುತ್ತಾರಂತೆ. ದಿನಾ!
"ನಿಮಗೆ ಬೇಜಾರಾಗಬಾರ್ದು ಅಂತ..."
ಮೈ ಉರಿದುಹೋಯಿತು. ನಾನೇನು ಗಿಲಕಿ ಕೊಟ್ಟು ಕೂರಿಸುವ ಕೂಸಾ? ನನ್ನ ಅಂಗಡಿಯಲ್ಲಿ ಯಾರ ಹೊಲಿಗೆ ಕೆಟ್ಟರೂ ಅವರ ಕಣ್ಣೆದುರೇ ಬಿಚ್ಚಿದ್ದೇನೆ. ಬೈದು ಬಿಚ್ಚಿದ್ದೇನೆ. ಮತ್ತೆ ಹೊಲಿಸಿದ್ದೇನೆ. ಮುಂದೆ ಹೊಗಳಿ ಹಿಂದೆ ಬಿಚ್ಚುವ ಬುದ್ಧಿ ಇವರಿಗೆ ಎಲ್ಲಿಂದ ಬಂತೋ.

ಜೂನ್ 9
ಇಷ್ಟು ದಿನ ಅಡುಗೆಮನೆ ಕಡೆ ತಲೆ ಹಾಕಲಿಲ್ಲ. ಯಾರೂ ಕರೆಯಲೂ ಇಲ್ಲ — ಅದಕ್ಕೇ ಇನ್ನೂ ಉರಿ. ಕೆಲಸ ನಿಂತೇ ಇಲ್ಲ ನೋಡು, ನಾನಿಲ್ಲದಿದ್ದರೂ.
ಇವತ್ತು ನಾನೇ ಹೋಗಿ ಹೇಳಿದೆ. "ಕೆಟ್ಟಿದ್ರೆ ನನ್ನೆದುರಿಗೇ ಬಿಚ್ಚಿ. ನಾನೇ ಮತ್ತೆ ಸುತ್ತಬೇಕು. ಆಗಲ್ಲ ಅಂದ್ರೆ ಕರೀಲೇಬೇಡಿ."
ಹೆಂಡತಿ, "ಈ ವಯಸ್ಸಲ್ಲಿ ಎಂಥಾ ಹಟ" ಅಂದಳು.

ಜೂನ್ 10, ಹನ್ನೊಂದು ಗಂಟೆ
ಸುತ್ತಿದೆ. ಗೀರು ಎಳೆದೆ. ಮಗಳು ಕೈಗೆತ್ತಿಕೊಂಡಳು. ಅಮ್ಮನ ಮುಖ ನೋಡಿದಳು. ಆಮೇಲೆ ನನ್ನೆದುರೇ ಬಿಚ್ಚಿ ಹಾಸಿದಳು.
"ಸಡಿಲ ಅಪ್ಪ. ಇನ್ನೊಂದ್ಸಲ."
ಎಂಥಾ ಕೋಪ ಬಂತು. ಅಷ್ಟೇ ಖುಷಿಯೂ ಆಯಿತು, ಸುಳ್ಳು ಯಾಕೆ. ಮತ್ತೆ ಸುತ್ತಿದೆ. ಮತ್ತೆ ಬಿಚ್ಚಿದಳು! ಮೂರನೇ ಸಲ ಸುತ್ತಿದ್ದನ್ನು ಹಿಚುಕಿ ನೋಡಿ, ತಟ್ಟೆಗಿಟ್ಟಳು. ಗೀರಿನ ಸಮೇತ.
ಬರೆದಿಡೋಣ ಅಂತ ಎದ್ದು ಬಂದರೆ ಒಳಗಿಂದ ಕೂಗುತ್ತಿದ್ದಾಳೆ — "ಅಪ್ಪ, ಹಾಳೆ ಒಣಗ್ತಿದೆ. ಬರೆದಿದ್ದು ಸಾಕು, ಬನ್ನಿ." ನನ್ನನ್ನೇ ಗದರಿಸುತ್ತಾಳೆ ಇವಳು. ಬಂದೆ ಅಂದರೂ ಕೇಳಲ್ಲ, ಇದೊಂದು ಸಾಲು