ಹಿರೇಬಾಗಿಲಿನ ಹೊಸ್ತಿಲು

ಹೊಸಪೇಟೆ
೧೮ ಮೇ ೧೯೭೯, ಶುಕ್ರವಾರ

ಭಿಲಾಯಿಯಲ್ಲಿ ಕೂತು ನನ್ನನ್ನು ಮರೆತೇಬಿಟ್ಟಿರುವ ನನ್ನವರಿಗೆ,

ಮೊದಲು ನಿಮ್ಮ ಆರೋಗ್ಯ ಹೇಳಿ. ಕೆಮ್ಮು ಹೋಯಿತೇ? ಹಾಸ್ಟೆಲಿನಲ್ಲಿ ಇನ್ನೂ ಮೂರು ಹೊತ್ತೂ ಆಲೂಗಡ್ಡೆಯೇ? ಕುಲುಮೆಯ ಹತ್ತಿರವೇ ನಿಲ್ಲಿಸಿ ತರಬೇತಿ ಕೊಡುತ್ತಾರೆಂದು ಬರೆದಿದ್ದಿರಿ; ಅದನ್ನು ಓದಿದಾಗಿನಿಂದ ಇಲ್ಲಿ ನನ್ನ ಮೈ ಸುಡುತ್ತಿದೆ. ನಾನು ಚೆನ್ನಾಗಿದ್ದೇನೆ, ಭಾಳ ಚೆನ್ನಾಗಿದ್ದೇನೆ (ನೋಡಿ, ನನಗೂ 'ಭಾಳ' ಬಂತು!). ಅತ್ತೆ ರೊಟ್ಟಿಯ ಮೇಲೆ ಬೆಣ್ಣೆ ಹಾಕುವ ರೀತಿ ನೋಡಿದರೆ ನೀವು ಬರುವಷ್ಟರಲ್ಲಿ ಮದುವೆಯ ರವಿಕೆ ಒಂದೂ ಹಿಡಿಸುವುದಿಲ್ಲ. ಈ ಪತ್ರವನ್ನು ಇಂಗ್ಲಿಷಿನಲ್ಲೇ ಬರೆಯೋಣವೆಂದಿದ್ದೆ, ಕಾನ್ವೆಂಟ್ ಹುಡುಗಿಯ ಕಾಗುಣಿತಕ್ಕೆ ನೀವು ನಗುತ್ತೀರೆಂದು. ಆದರೆ ಈ ಸುದ್ದಿ ಇಂಗ್ಲಿಷಿನಲ್ಲಿ ಹೇಳಿದರೆ ನನಗೇ ನಂಬಿಕೆ ಬರುವುದಿಲ್ಲ.

ಅಂತೂ ಡ್ಯಾಮಿನ ನೀರು ಇಳಿಯಿತು ರೀ! ಫೆಬ್ರವರಿಯಿಂದ ನಾನು ಕಾದಿದ್ದು ಇದಕ್ಕೇ ಅಲ್ಲವೇ? ಮುಳುಗಿದ ಹಿರೇಬಾಗಿಲು ಊರು ಮೇಲೆ ಬಂದು, ಸೊಸೆ ಆ ಹಳೇ ಮನೆಯ ಹೊಸ್ತಿಲು ದಾಟಿದ ಮೇಲೇ ಈ ಮನೆಯವಳು, ಆಮೇಲೇ ಭಿಲಾಯಿಗೆ ಕಳಿಸುವುದು ಎಂದು ಅತ್ತೆ ಪಟ್ಟು ಹಿಡಿದಾಗ ನಾನು ಎಷ್ಟು ಅತ್ತಿದ್ದೆ, ನಿಮಗೆ ಗೊತ್ತು. ಮೊನ್ನೆ ಬುಧವಾರ ಬೆಳಿಗ್ಗೆ ನಮ್ಮ ಹೊಸ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಅತ್ತೆ, ನಿಮ್ಮ ಅಕ್ಕ ಊರಮ್ಮ ಮತ್ತು ಹಸಿರು ರೇಷ್ಮೆ ಸೀರೆಯ ನಾನು, ಕಬ್ಬಿನ ಗದ್ದೆಗಳನ್ನೆಲ್ಲ ದಾಟಿ ಹಿರೇಬಾಗಿಲಿಗೆ ಹೊರಟೆವು. ಭಿಲಾಯಿಗೆ ಒಯ್ಯುವ ಟ್ರಂಕಿಗೆ ಹಿಂದಿನ ದಿನವೇ ಬಟ್ಟೆ ಜೋಡಿಸಿಟ್ಟಿದ್ದೆ.

ನೀವು ಗೋವಾದ ಸಮುದ್ರ ತೋರಿಸುತ್ತೇನೆಂದಿದ್ದಿರಿ. ನಿಮ್ಮ ಅಮ್ಮ ಅದಕ್ಕಿಂತ ಮೊದಲೇ ಸಮುದ್ರ ತೋರಿಸಿದರು. ಆಚೆ ದಡವೇ ಕಾಣದಷ್ಟು ನೀರು, ಅದರ ಅಂಚಿನಲ್ಲೇ ನಿಮ್ಮ ಕೋಟೆಯೂರು. ಹಂಪಿಯ ಕಲ್ಲುಗಳು ಒಣಗಿ ಬೆಚ್ಚಗಿರುತ್ತವೆ. ಈ ಗೋಡೆಗಳು ಹಾಗಲ್ಲ, ನೀರಿನೊಳಗಿಂದ ಈಗಷ್ಟೇ ಎದ್ದು ಉಸಿರು ಬಿಗಿಹಿಡಿದು ನಿಂತಂತಿದ್ದವು. ಬುರುಜಿನ ಸಂದಿಗಳಲ್ಲಿ ಬಸವನಹುಳು. ಅಂಥ ಬಿಸಿಲಿನಲ್ಲೂ ಹೆಬ್ಬಾಗಿಲ ಕಮಾನಿನಿಂದ ತೊಟ್ಟಿಕ್ಕುತ್ತಿದ್ದ ನೀರು. ಒಳಗೆ ಬೀದಿಗಳು ಬೀದಿಗಳಾಗಿಯೇ ಇವೆ, ಅಂಗಡಿ ಕಟ್ಟೆಗಳೂ ಇವೆ, ಒಂದು ಕಾಗೆಯೂ ಇಲ್ಲ. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಒಂದೊಂದು ಮನೆಯ ಮುಂದೂ ನಿಂತು, "ಆರಾಮ ಅದೀರೇನ್ರಿ?" ಎಂದು ಕೇಳುತ್ತ ನಡೆದರು. ಒಳಗೆ ಕೆಸರು ಬಿಟ್ಟರೆ ಏನೂ ಇಲ್ಲ. ನನಗೆ ಕಿಸಕ್ಕೆಂದು ನಗು ಬಂತು, ಊರಮ್ಮ ತೊಡೆ ಚಿವುಟಿದರು. ಪ್ರತಿ ಮನೆಯ ಮುಂದೂ ಅತ್ತೆ ಉತ್ತರ ಕೇಳುವಷ್ಟು ಹೊತ್ತು ನಿಂತೇ ಮುಂದೆ ಹೋಗುತ್ತಿದ್ದರು.

ನಿಮ್ಮ ಮನೆಗೆ ಮಾಳಿಗೆಯಿಲ್ಲ, ಬಾಗಿಲಿಲ್ಲ, ಚೌಕಟ್ಟೂ ಇಲ್ಲ. ಆಳೆತ್ತರದ ಗೋಡೆ, ಕಲ್ಲಿನ ಹೊಸ್ತಿಲು, ಅಷ್ಟೇ. ಅತ್ತೆ ಹೊಸ್ತಿಲು ತೊಳೆದು ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ ತುಂಬಿದ ಸೇರು ಇಟ್ಟು, ಆರತಿ ತಟ್ಟೆಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಅಷ್ಟರಲ್ಲಿ ಊರಮ್ಮ ಎರಡೂ ಕೈ ಚಾಚಿ ಅಡ್ಡ ನಿಂತರು. "ಗಂಡನ ಹೆಸರು ಹೇಳವ್ವಾ ಇಂಗ್ಲಿಷ್ ಮಹಾರಾಣಿ! ಇಲ್ಲಂದ್ರ ಇಲ್ಲೇ ನಿಂದ್ರು, ಮಳಿಗಾಲಕ್ಕ ಮೀನು ಬಂದು ನಿನ್ನ ಒಳಗ ಕರ್ಕೊಂತಾವ!" ನಾನು ಬಿಡುವವಳೇ? ಟ್ರೇಲರಿನಲ್ಲೇ ಒಡಪು ಕಟ್ಟಿಕೊಂಡಿದ್ದೆ. ಅತ್ತೆ ತಲೆಯೆತ್ತುವ ಮೊದಲೇ ಜೋರಾಗಿ ಹೇಳಿಬಿಟ್ಟೆ:

"ತುಂಗಭದ್ರೆ ನೀರು ಸಮುದ್ರದಷ್ಟು ಅಗಲ,
ಓಬಳೇಶರ ಮನೆಗೆ ಬಂದೆ, ತೆರೀರಿ ಬಾಗಿಲ!"

ಒಳಗಿನಿಂದ, "ತೆರದೈತಿ, ಬಾ."

ನಿಮ್ಮ ದನಿ! ಬೆಳಿಗ್ಗೆ ಎದ್ದ ಕೂಡಲೇ ಇರುತ್ತದಲ್ಲ, ಸ್ವಲ್ಪ ಮೂಗಿನದು, ಅದೇ ದನಿ. ಹೇಳದೆ ಕೇಳದೆ ಭಿಲಾಯಿಯಿಂದ ಬಂದು ನನ್ನನ್ನು ಬೆಚ್ಚಿಬೀಳಿಸಲು ಅಡಗಿದ್ದೀರೆಂದು ಎಷ್ಟು ಖುಷಿಯಾಯಿತೆಂದರೆ, ಸೇರು ಒದ್ದು ಊರಮ್ಮನ ಕೈ ಕೆಳಗೆ ನುಗ್ಗಿ ಓಡಿದೆ. ಪಡಸಾಲೆ, ನಡುಮನೆ, ಅಡುಗೆಮನೆ. "ಸಾಕು ರೀ, ಬರ್ರಿ ಈಚೆಗೆ!" ಎಂದು ಕೂಗಿದೆ. ಅಡುಗೆಮನೆಯ ಹಿಂಗೋಡೆ ಬಿದ್ದಿದೆ. ಅಲ್ಲಿಂದ ಆಚೆ ನೇರ ನೀರೇ. ತಿರುಗಿ ನೋಡಿದರೆ ನುಣ್ಣನೆಯ ಕೆಸರಿನ ಮೇಲೆ ಉದ್ದಕ್ಕೂ ನನ್ನ ಹೆಜ್ಜೆಗಳು ಮಾತ್ರ.

ಊರಮ್ಮನಿಗೆ ಏನೂ ಕೇಳಿಸಿರಲಿಲ್ಲ, ನಾಚಿ ಓಡಿದಳೆಂದು ನಗುತ್ತಿದ್ದರು. ಅತ್ತೆಗೆ ಕೇಳಿಸಿತ್ತು. "ಹೆಸ್ರು ಯಾಕ ಹೇಳಿಸಿದೀ ಲೇ, ಇಲ್ಲಿ?" ಎಂದು ಮಗಳಿಗೆ ಅಂದವರು ಹೊಸಪೇಟೆ ಮುಟ್ಟಿದ ಮೇಲೇ ನನಗೆ ಎಲ್ಲ ಹೇಳಿದರು. ಮನೆಯಲ್ಲೆಲ್ಲ ನಿಮ್ಮನ್ನು 'ಮರಿ' ಎನ್ನುವುದು ಮುದ್ದಿಗೆ ಎಂದುಕೊಂಡಿದ್ದೆನಲ್ಲ! ನಿಮಗಿಟ್ಟಿದ್ದು ನಿಮ್ಮ ಚಿಕ್ಕಪ್ಪನ ಹೆಸರೆಂದು ಮದುವೆಯಲ್ಲಾದರೂ ಹೇಳಬಾರದಿತ್ತೇ? ನೀರು ನಿಲ್ಲಿಸಿದ ವರ್ಷ ಅವರಿಗೆ ಹೆಣ್ಣು ಗೊತ್ತಾಗಿತ್ತಂತೆ. ಎಲ್ಲರೂ ಹೊಸಪೇಟೆಗೆ ಬಂದಾದ ಮೇಲೆ, ಬರುವ ಹುಡುಗಿ ಹಳೇ ಬಾಗಿಲಿನಿಂದಲೇ ಒಳಗೆ ಬರಲಿ ಎಂದು ಚೌಕಟ್ಟು ಕಿತ್ತು ತರಲು ಒಬ್ಬರೇ ಹೋದರಂತೆ. ಚೌಕಟ್ಟು ತೇಲಿ ಬಂತು, ಅವರು ಬರಲಿಲ್ಲ. ಆ ಹುಡುಗಿಯನ್ನು ಬೇರೆಲ್ಲೋ ಕೊಟ್ಟರು. ಅಂದಿನಿಂದ ಆ ಮನೆಯ ಹತ್ತಿರ ಯಾರೂ ಆ ಹೆಸರು ಎತ್ತಿದವರಲ್ಲ.

ಇದನ್ನೆಲ್ಲ ನಿಮಗೆ ಬರೆಯಬೇಡ, ಪರೀಕ್ಷೆ ಇದೆ ಎಂದು ಅತ್ತೆಯ ಕಟ್ಟಪ್ಪಣೆ. ನಾನೇನು ಹೆದರುವವಳೇ! ಗಾಳಿ ಇರಬೇಕು. ಟ್ರಂಕನ್ನು ಮಾತ್ರ ಅತ್ತೆ ಮತ್ತೆ ಅಟ್ಟಕ್ಕೆ ಹಾಕಿಸಿದರು. ಅವರ ಆಶೀರ್ವಾದ, ಊರಮ್ಮನ ನೆನಪುಗಳು. ಎಣ್ಣೆಸ್ನಾನ ತಪ್ಪಿಸಬೇಡಿ.

ನಿಮ್ಮವಳೇ ಆದ,
ಎಲ್ಲಮ್ಮ

ಮರೆತ ಮಾತು: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಪರೀಕ್ಷೆ ಬಿಟ್ಟು ಬನ್ನಿ. ಚಿಕ್ಕಪ್ಪ ಕರೆದಾಗ ಒಳಗೆ ಹೋದವಳು ಯಾರ ಹೆಂಡತಿಯಾಗಿ ಹೋದಳೆಂದು ಅತ್ತೆಗೆ ತಿಳಿಯುತ್ತಿಲ್ಲ. ನೀವೇ ಆ ಹೊಸ್ತಿಲಲ್ಲಿ ನನ್ನ ಕೈಹಿಡಿದು ಹೊರಗೆ ಕರೆತರಬೇಕಂತೆ, ಹೊಸ ನೀರು ಬಂದು ಮುಚ್ಚುವುದರೊಳಗೆ. ಎರಡು ದಿನದಿಂದ ದೀಪ ಹಚ್ಚುವ ಹೊತ್ತಿಗೆ ಹಿತ್ತಲಿನಿಂದ ನಿಮ್ಮ ದನಿ ಕರೆಯುತ್ತದೆ. ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ನೀವು ಇಟ್ಟ ಹೆಸರಿದೆಯಲ್ಲ, ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲದ್ದು, ಆ ಹೆಸರಿನಿಂದ. ನಿಮಗಿಂತಲೂ ಮೆತ್ತಗೆ. ನಿನ್ನೆ ಬಾಯಿ ತಪ್ಪಿ "ಬಂದೆ" ಎಂದುಬಿಟ್ಟೆ.