ನೂರರಲ್ಲಿ ಹದಿನೆಂಟು

ಮಾರ್ಚ್ ೯, ಸೋಮವಾರ

ಸೂಜಿ,

ಹೇಗಿದ್ದೀಯ ಎಂದು ಕೇಳುವುದು ವಾಡಿಕೆ, ಕೇಳಿದ್ದೇನೆ ಎಂದುಕೋ. ಉತ್ತರ ತಡವಾಯಿತು. ಪುರುಸೊತ್ತಿರಲಿಲ್ಲ ಎಂದು ಬರೆದರೆ ಬೆರಳು ಬಿದ್ದುಹೋದೀತು, ನನ್ನನ್ನು ಕೆಲಸವಿಲ್ಲದೆ ಕೂರಿಸಿದವಳೇ ನೀನು. ಸಿಟ್ಟು ಇಳಿಯಲಿ, ಆಮೇಲೆ ಬರೆಯೋಣ ಎಂದು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ.

ಯಾರಿಗೂ ಸಿಗದ ನರ ನಿನ್ನ ಒಂದೇ ಚುಚ್ಚಿಗೆ ಸಿಗುತ್ತಿತ್ತೆಂದು ನಮ್ಮ ತರಗತಿಯವರು ನಿನಗೆ ಈ ಹೆಸರಿಟ್ಟರು, ಮರೆತಿದ್ದರೆ ನೆನಪಿಸುತ್ತಿದ್ದೇನೆ. ಪ್ರಾಂಶುಪಾಲೆಯಾದರೂ ನನಗೆ ನೀನು ಸೂಜಿಯೇ. ಜೊತೆಯಲ್ಲಿ ಓದಿ, ಒಂದೇ ತಟ್ಟೆಯಲ್ಲಿ ಉಂಡವಳಿಗೆ ‘ಮಾನ್ಯ ಅಧ್ಯಾಪಕರೇ’ ಎಂದು ಇಮೇಲ್ ಕಳಿಸಲು ನಿನಗೆ ಕೈ ಹೇಗೆ ಬಂತೋ ಕಾಣೆ.

ಆ ತುಣುಕು ವಿಡಿಯೊದಲ್ಲಿ ಇರುವುದು ಇಷ್ಟೇ: ಬಿಳಿಕೂದಲಿನ ಡಾಕ್ಟರಮ್ಮ ವಿದ್ಯಾರ್ಥಿನಿಯ ಫೋನು ಕಸಿದು ಕೈತೊಳೆಯುವ ಬೇಸಿನ್ನಿಗೆ ಎಸೆಯುತ್ತಾಳೆ. ಊರೆಲ್ಲ ನೋಡಿ ನಕ್ಕಿತು. ನೀನೂ ನೋಡಿದೆ, ತೀರ್ಪೂ ಕೊಟ್ಟೆ. ಅದಕ್ಕೆ ಮೊದಲು ಏನು ನಡೆಯಿತೆಂದು ಕೇಳಲಿಲ್ಲ. ಈಗ ಕೇಳು.

ಹೆಂಗಸರ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಕ್ಕಳಿಗೆ ಈಜು ಕಲಿಸುವ ಒಬ್ಬಳಿದ್ದಾಳೆ. ಅಗಲ ಭುಜ, ಕೊಳದ ಆಚೆ ದಡಕ್ಕೂ ಕೇಳಿಸುವ ಗಂಟಲು. ಹೊಟ್ಟೆನೋವೆಂದು ಬಂದವಳು. ಒಳಗಿರುವುದು ಏನೆಂದು ನಮಗೆ ಗೊತ್ತಾಗಿತ್ತು, ಅವಳಿಗೆ ಆಗಿರಲಿಲ್ಲ. ಮಧ್ಯಾಹ್ನ ಅವಳ ತಂಗಿ ಬಂದಮೇಲೆ ಇಬ್ಬರನ್ನೂ ಕೂರಿಸಿಕೊಂಡು ನಾನೇ ಹೇಳುವವಳಿದ್ದೆ. ನಾನು ಪಕ್ಕದ ಹಾಸಿಗೆಯ ಅಜ್ಜಿಯ ಎದೆಗೆ ಸ್ಟೆತಸ್ಕೋಪು ಇಟ್ಟಿದ್ದಾಗ ಈಜಿನವಳು ನಮ್ಮ ವಿದ್ಯಾರ್ಥಿನಿಯನ್ನು ಮಾತಿಗೆಳೆದಳು.

“ಏನಮ್ಮಾ ಡಾಕ್ಟ್ರೇ, ಶಾಲೆಗೆ ರಜಾ ಕೊಡೋಷ್ಟರಲ್ಲಿ ನಾನು ನೀರಿಗಿಳೀಬಹುದಾ? ಮಕ್ಕಳು ಕಾಯ್ತಿರ್ತಾವೆ.”

ಹುಡುಗಿ ಫೋನಿನಲ್ಲಿ ಏನೋ ಒತ್ತಿದಳು. ತಲೆಯೆತ್ತದೆ, “ನೂರರಲ್ಲಿ ಹದಿನೆಂಟು,” ಎಂದಳು.

“ಏನು ಹದಿನೆಂಟು?”

“ಐದು ವರ್ಷ ಆದ್ಮೇಲೂ ಉಳಿಯೋರು. ಈ ಥರದ ಕ್ಯಾನ್ಸರಲ್ಲಿ.”

ಆ ಹೆಂಗಸು ಕಿರುಚಲಿಲ್ಲ. “ಯಾರಿಗೆ?” ಎಂದಳು. ಪಾಪ, ಅಜ್ಜಿಗಿರಬೇಕು ಎಂದುಕೊಂಡು ಪಕ್ಕದ ಹಾಸಿಗೆಯತ್ತ ಕನಿಕರದಿಂದ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಗೊತ್ತಾಯಿತು. ಹುಡುಗಿಯ ಹೆಬ್ಬೆರಳು ಮಾತ್ರ ಇನ್ನೂ ಮುಂದಿನ ಸಾಲು ಹುಡುಕುತ್ತಲೇ ಇತ್ತು. ಆಗ ಕಸಿದೆ. ಎಸೆದೆ. ಇನ್ನೊಬ್ಬ ಮಹಾಶಯ ಅದನ್ನು ತನ್ನ ಫೋನಿನಲ್ಲಿ ಹಿಡಿದ.

ಉಳಿದದ್ದು ವಿಡಿಯೊದಲ್ಲಿಲ್ಲ. ಈಜಿನವಳ ಕೈ ಹಿಡಿದು ಕೂತೆ. ಅವಳು ಕೇಳಿದ್ದು ಒಂದೇ: “ಆ ಹದಿನೆಂಟು ಜನ ಏನು ಮಾಡಿದ್ರು ಮೇಡಂ? ನಾನೂ ಅದನ್ನೇ ಮಾಡ್ತೀನಿ.” ಹೇಳು ಸೂಜಿ, ಇದಕ್ಕೆ ಯಾವ ಗುಂಡಿ ಒತ್ತಬೇಕು?

ಯಂತ್ರ ಕಂಡರೆ ಉರಿಯುವ ಮುದುಕಿ ಎಂದು ಸಭೆಯಲ್ಲಿ ನನ್ನನ್ನು ಆಡಿಕೊಂಡೆಯಂತೆ. ಉರಿಯುವುದು ಯಂತ್ರಕ್ಕಲ್ಲ. ಸ್ಕ್ಯಾನಿಲ್ಲದ ಕಾಲದಲ್ಲಿ ಹೊಟ್ಟೆ ಕೊಯ್ದು, ಒಳಗೆ ಏನೂ ಕಾಣದೆ, ಪೆಚ್ಚುಮೋರೆ ಹಾಕಿಕೊಂಡು ಮತ್ತೆ ಹೊಲಿಯುತ್ತಿದ್ದವರನ್ನು ಇಬ್ಬರೂ ಕಂಡಿದ್ದೇವೆ. ಸ್ಕ್ಯಾನಿಗೆ ನಾನು ಕೈಮುಗಿಯುತ್ತೇನೆ. ಆದರೆ ನೀನು ವಾರ್ಡಿನ ಪಾಠ ಕಿತ್ತುಹಾಕಿ, ಅದರ ಜಾಗದಲ್ಲಿ ರಬ್ಬರಿನ ಗೊಂಬೆ ಮಲಗಿಸಿದೆಯಲ್ಲ, ಅದಕ್ಕೆ ಉರಿಯುತ್ತದೆ. ಗೊಂಬೆ ಒತ್ತಿದಲ್ಲಿ ‘ನೋವು’ ಎನ್ನುತ್ತದೆ. ತಿರುಗಿ ಏನನ್ನೂ ಕೇಳುವುದಿಲ್ಲ. ಅದರ ತಂಗಿ ಬಾಗಿಲಲ್ಲಿ ನಿಂತು ಅಳುವುದಿಲ್ಲ. ಅಂಥ ರೋಗಿ ನಿನಗೆ ಬಲು ಇಷ್ಟ ಇರಬೇಕು.

ವಿಚಾರಣೆಯ ದಿನ ಆ ಹುಡುಗಿ ಅಳುತ್ತಾ ಹೇಳಿದ್ದು ನಿನ್ನ ಕಿವಿಗೆ ಬಿತ್ತೋ ಇಲ್ಲವೋ: “ಹೇಗೆ ಹುಡುಕ್ಬೇಕು ಅಂತ ಕಲಿಸಿದ್ರು ಮೇಡಂ. ಹೇಗೆ ಹೇಳ್ಬೇಕು ಅಂತ ಯಾರೂ ಕಲಿಸ್ಲಿಲ್ಲ.” ನೀನು ಆಗ ಗಡಿಯಾರ ನೋಡುತ್ತಿದ್ದೆ. ಹೊರಗೆ ಮೆಟ್ಟಿಲ ಮೇಲೆ ಕೂತು ಬಿಕ್ಕುತ್ತಿದ್ದವಳ ಪಕ್ಕ ನಾನು ಕೂತು, “ಫೋನು ಎಸೆದದ್ದು ತಪ್ಪು ಮಗಳೇ,” ಎಂದೆ. ಅವಳು, “ಆ ಈಜಿನ ಆಂಟಿ ಹತ್ರ ಏನಂತ ಹೋಗ್ಲಿ?” ಎಂದಳು. ಇಬ್ಬರೂ ಒಟ್ಟಿಗೇ ಹೋದೆವು. ಈಜಿನವಳು ಅವಳನ್ನು ಬೈಯಲಿಲ್ಲ. “ಬಾ, ಕೂತ್ಕೋ. ನಿಂಗೆ ಈಜು ಬರುತ್ತಾ?” ಎಂದಳು. ಬರುವುದಿಲ್ಲ ಎಂದಿತು ಹುಡುಗಿ. “ಮೊದಲು ನೀರಿನ ಮುಖ ನೋಡೋದು ಕಲಿ,” ಎಂದಳು.

ಹುಡುಗಿಯಲ್ಲಿ ಕ್ಷಮೆ ಕೇಳಿ ಆಯಿತು. ನಿನ್ನಲ್ಲಿ ಕೇಳುವುದಿಲ್ಲ. ನೀನು ಬರೆದು ಕಳಿಸಿದ ಕ್ಷಮಾಪಣೆಗೆ ಸಹಿ ಹಾಕುವುದಿಲ್ಲ. ಕ್ಯಾಮೆರಾದ ಎದುರು ಪಾಠ ಒಪ್ಪಿಸು ಎಂದಿದ್ದೀಯಲ್ಲ, ಅದಕ್ಕೂ ಬೇರೆ ಯಾರನ್ನಾದರೂ ನೋಡಿಕೋ. ನಾನು ದಿನಾ ಸಂಜೆ ವಾರ್ಡಿಗೆ ಹೋಗುತ್ತೇನೆ, ರೋಗಿಗಳ ನೆಂಟರ ಸಾಲಿನಲ್ಲಿ ನಿಂತು, ಬಿಳಿಕೋಟು ಇಲ್ಲದೆ. ಕಾವಲಿನವನಿಗೆ ಹೇಳಿ ತಡೆಸಬೇಕೆಂದಿದ್ದರೆ ತಡೆಸು. ಅವನು ನನ್ನನ್ನು ಕಂಡರೆ ಇನ್ನೂ ಎದ್ದು ನಿಲ್ಲುತ್ತಾನೆ.

ನಿನ್ನ ಮನೆಯವರಿಗೆ, ಮಕ್ಕಳಿಗೆ ಒಳ್ಳೆಯದಾಗಲಿ. ನಿನಗೂ ಆಗಲಿ ಎಂದು ಬರೆಯಲು ಪೆನ್ನು ಹಟ ಮಾಡುತ್ತಿದೆ, ಗದರಿಸಿ ಬರೆಸಿದ್ದೇನೆ.

ಇಂತಿ,
ನೀನೇ ಹೆಸರಿಟ್ಟ
ಬಜಾರಿ

ಮತ್ತೊಂದು ಮಾತು: ಇದೆಲ್ಲ ನಡೆಯುವ ಹಿಂದಿನ ವಾರ ನನ್ನ ಎದೆಯ ಗಂಟಿನಿಂದ ತೆಗೆದ ಚೂರು ನಿನ್ನ ಲ್ಯಾಬಿಗೆ ಬಂದಿತ್ತು. ನೋಡಿದವಳು ನೀನೇ, ಫಲಿತಾಂಶದ ಕೆಳಗೆ ನಿನ್ನದೇ ಹೆಸರು. ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಫೋನು ‘ಟಿಂಗ್’ ಎಂದಿತು. ಓದಿದೆ. ನೀನು ಈಗ ಕರೆ ಮಾಡುತ್ತೀಯ, ಇಲ್ಲ, ಮನೆಗೇ ಬರುತ್ತೀಯ ಎಂದುಕೊಂಡೆ. ಮರುದಿನ ನೀನು ವರಾಂಡದಲ್ಲಿ ಸಿಕ್ಕಿದೆ. ಪ್ರಶ್ನೆಪತ್ರಿಕೆ ಸಿದ್ಧವಾಯಿತಾ ಎಂದು ಕೇಳಿ ಮುಂದೆ ಹೋದೆ. ಆ ಹುಡುಗಿ ಕೊನೆಪಕ್ಷ ರೋಗಿಯ ಎದುರು ನಿಂತು ಹೇಳಿದಳು, ಸೂಜಿ.