ಧನುಶ್ರೀಯ ಒಂದು ದಿನದ ಗೈರುಹಾಜರಿ

ವಿದ್ಯಾರ್ಥಿ ಪ್ರೋತ್ಸಾಹ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ವರ್ಷ ಒಂಬತ್ತನೇ ತರಗತಿಯಲ್ಲಿದ್ದ ಧನುಶ್ರೀಯ ಹೆಸರನ್ನು ಬಹುಮಾನದ ಪಟ್ಟಿಯಿಂದ ತಾವು ಹೊಡೆದುಹಾಕಿದ್ದೀರಿ. ಬಹುಮಾನದ ಸೈಕಲ್ ಕೊಟ್ಟವನು ನಾನು. ಮೂಗೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಂಕ್ಚರ್ ಹಾಕುತ್ತಿರುವವನಿಗೆ ಶಿಕ್ಷಣದ ವಿಚಾರ ತಿಳಿಯದು ಎಂದು ತಾವು ಹೇಳಬಹುದು. ಒಪ್ಪಿದೆ. ತಿಳಿದಷ್ಟನ್ನೇ ಬರೆಯುತ್ತೇನೆ.

ವರ್ಷವಿಡೀ ಒಂದು ದಿನವೂ ಶಾಲೆ ತಪ್ಪಿಸದವರಿಗೆ ಊರವರಿಂದ ಬಹುಮಾನ ಎಂಬುದು ತಮ್ಮ ಯೋಜನೆ. ಒಳ್ಳೆಯ ಯೋಜನೆಯೇ. ಕಬ್ಬು ಕಡಿಯುವ ದಿನಗಳಲ್ಲಿ ಮನೆ ಕಾಯುತ್ತಿದ್ದ ಮಕ್ಕಳೂ ಶಾಲೆಗೆ ಬಂದರು. ಜನವರಿಯ ಹೊತ್ತಿಗೆ ಒಂದೂ ಗೈರಿಲ್ಲದೆ ಉಳಿದವರು ಇಬ್ಬರೇ: ಧನುಶ್ರೀ ಮತ್ತು ಅವಳ ಗೆಳತಿ ಲಿಖಿತಾ.

ಅದೇ ತಿಂಗಳ ಒಂದು ಬೆಳಿಗ್ಗೆ ಮೇಕೆ ಹೊಡೆದುಕೊಂಡು ಹೊರಟಿದ್ದ ಜವರಮ್ಮ ಎಂಬ ಮುದುಕಿ ನಾಲೆ ಏರಿಯ ಮೇಲೆ ಬಿದ್ದು ಸೊಂಟ ಮುರಿದುಕೊಂಡರು. ಶಾಲೆಗೆ ಹೊರಟಿದ್ದ ಧನುಶ್ರೀ ಗೂಡ್ಸ್ ಆಟೊ ಒಂದನ್ನು ನಿಲ್ಲಿಸಿ, ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಿ. ನರಸೀಪುರದ ಆಸ್ಪತ್ರೆಗೆ ಕರೆದೊಯ್ದಳು. ನಂಜನಗೂಡಿನಿಂದ ಮಗಳು ಬರುವ ತನಕ ಅಲ್ಲೇ ಕೂತಳು. ಜವರಮ್ಮ ಈಗ ಕೋಲೂರಿ ನಡೆಯುತ್ತಿದ್ದಾರೆ. ಹಾಜರಿ ಪುಸ್ತಕದಲ್ಲಿ ಇದಾವುದೂ ಇಲ್ಲ. ‘ಗೈರು’ ಎಂದಷ್ಟೇ ಇದೆ.

ತಮ್ಮ ಬಳಿ ಬಂದು ಕೇಳಿದೆ. ತಾವು ಕನ್ನಡಕ ಒರೆಸಿಕೊಂಡು ಹೇಳಿದಿರಿ: “ಹುಡುಗಿ ಒಳ್ಳೆಯವಳೇ ಕಣ್ರೀ. ಆದ್ರೆ ಅದಕ್ಕೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ.”

ಜೂನ್‌ನಲ್ಲಿ ಸಮಾರಂಭ ನಡೆದು ಸೈಕಲ್ ಲಿಖಿತಾಳಿಗೆ ಹೋಯಿತು. ನಾಲ್ಕನೇ ದಿನ ಅವಳು ಅದನ್ನು ತಳ್ಳಿಕೊಂಡು ನನ್ನ ಅಂಗಡಿಗೆ ಬಂದಳು.

“ಸೀಟು ಎತ್ರ ಆಯ್ತಾವ್ವ?” ಎಂದೆ.

“ಇಲ್ಲ ಕಣಣ್ಣ. ಅವತ್ತು ಅಜ್ಜಿ ಕೂಗ್ಕೊಂಡುದ್ದು ನಂಗೂ ಕೇಳುಸ್ತು. ನಿಂತ್ಕಂಡ್ರೆ ಸೈಕಲ್ ಓಯ್ತದೆ ಅಂತ ಬಂದ್ಬುಟ್ಟೆ. ಇದ್ನ ಧನುಗೇ ಕೊಟ್ಬುಡಿ. ಬೇಕಾದ್ರೆ ಪೇಪರ್‌ಗೂ ಬರೀರಿ.”

ಧನುಶ್ರೀಯನ್ನು ಕರೆಸಿದೆ. ಅವಳು ಸೈಕಲ್ ಮುಟ್ಟಲಿಲ್ಲ. “ಬ್ಯಾಡಣ್ಣ. ನಂದು ಒಂದಿನ ಆಬ್ಸೆಂಟ್ ಅದೆ” ಎಂದಳು.

ಸೈಕಲ್ ಮೂರು ವಾರದಿಂದ ನನ್ನ ಗೋಡೆಗೆ ಒರಗಿ ನಿಂತಿದೆ. ಇಬ್ಬರೂ ಅದರ ಮುಂದೆಯೇ ನಡೆದು ಶಾಲೆಗೆ ಹೋಗುತ್ತಾರೆ, ಬೇರೆಬೇರೆಯಾಗಿ. ಲಿಖಿತಾಳ ಮೇಲೆ ನನಗೆ ದೂರಿಲ್ಲ. ತಮ್ಮ ನಿಯಮವನ್ನು ಅವಳಷ್ಟು ಚೆನ್ನಾಗಿ ಅರ್ಥಮಾಡಿಕೊಂಡವರು ಊರಿನಲ್ಲಿ ಇನ್ನೊಬ್ಬರಿಲ್ಲ. ಹದಿನಾಲ್ಕು ವರ್ಷದ ಮಗುವಿಗೆ ಆ ಪಾಠ ಕಲಿಸಿದ್ದು ಯಾರು?

ಆದ್ದರಿಂದ ನನ್ನ ಬೇಡಿಕೆ ಒಂದೇ. ಬಿದ್ದವರನ್ನು ಎತ್ತಲು ಹೋದ ದಿನವನ್ನು ಹಾಜರಿಯೆಂದೇ ಎಣಿಸತಕ್ಕದ್ದು ಎಂದು ನಿಯಮಾವಳಿಗೆ ಸೇರಿಸಿ. ಅದು ಆಗದಿದ್ದರೆ, ಬಿದ್ದವರನ್ನು ದಾಟಿಕೊಂಡು ಬರತಕ್ಕದ್ದು ಎಂದಾದರೂ ದಪ್ಪಕ್ಷರದಲ್ಲಿ ಅಚ್ಚುಹಾಕಿಸಿ. ಮಕ್ಕಳಿಗೆ ಗೊಂದಲವಾಗಬಾರದು.

ಇಂತಿ,
ತಮ್ಮ ವೇದಿಕೆಯಲ್ಲಿ ಚಪ್ಪಾಳೆ ತಟ್ಟಿ ಬಂದ ದಾನಿ,
ಗಂಗಾಧರಸ್ವಾಮಿ
ಸೈಕಲ್ ರಿಪೇರಿ, ಮೂಗೂರು